ಎಡಗೈಯ ಅಂಬರ್, ಬಲಗೈಯ ಶಮಾಮಾ

ಕಲಬುರಗಿಯಲ್ಲಿ ಚಳಿ ಬೀಳುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ಈ ಊರಿನ ಬಿಸಿಲಿನ ಕಥೆಗಳನ್ನಷ್ಟೇ ಅವರು ಕೇಳಿರುತ್ತಾರೆ. ನಾನು ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರು, "ನಿಮ್ಮೂರಾಗ ಸ್ವೆಟರ್ ಮಾರ್ತಾರೇನ?" ಎಂದು ಚುಡಾಯಿಸುತ್ತಿದ್ದರು. ಮಾರುತ್ತಾರೆ. ಮಾರುವುದಷ್ಟೇ ಅಲ್ಲ, ಕೊಂಡು ತೊಡುತ್ತಾರೆ ಕೂಡ. ನಂಬಿಕೆ ಬಾರದವರು ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬಂದು ನೋಡಲಿ. ಗಾಳಿ ಒಣಗಿ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ, ಬೆಳಗಿನ ಬಸ್ಸಿನ ಕಬ್ಬಿಣದ ಸರಳು ಹಿಡಿದರೆ ಕೈ ಜುಮ್ಮೆನ್ನುತ್ತದೆ. ಆ ಚಳಿಗೆಂದೇ ನಮ್ಮಲ್ಲಿ ಬೇರೆ ಅತ್ತರುಗಳಿವೆ. ಬೇಸಿಗೆಗೆ ಲಾವಂಚದ ಖಸ್, ಗುಲಾಬಿ. ಚಳಿಗೆ ಅಂಬರ್, ಶಮಾಮಾ. ಇವನ್ನು ಹಚ್ಚಿಕೊಂಡರೆ ಮೈ ಬೆಚ್ಚಗಾಗುತ್ತದೆ ಎಂದು ಜನ ನಂಬುತ್ತಾರೆ. ಮೈಯ ಮಾತು ನನಗೆ ಗೊತ್ತಿಲ್ಲ, ಮನಸ್ಸು ಬೆಚ್ಚಗಾಗುವುದು ಮಾತ್ರ ನಿಜ.

ಈ ವರ್ಷ ಚಳಿಗೆ ಚಿಗವ್ವನ ಮೊಣಕಾಲು ಹಿಡಿದುಕೊಂಡವು. ಚಿಗವ್ವ ಎಂದರೆ ಜಗದೇವಿ, ನನ್ನ ಅಪ್ಪ ಎರಡನೆಯದಾಗಿ ಕೈಹಿಡಿದವಳು. ಹೆತ್ತವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ಪ್ರತಿ ಚಳಿಗಾಲಕ್ಕೂ ದರ್ಗಾದ ಹಾದಿಯ ಅತ್ತರಿನ ಅಂಗಡಿಗೆ ತಾನೇ ಹೋಗಿ ಒಂದು ಸಣ್ಣ ಶೀಶೆ ತರುತ್ತಿದ್ದವಳು ಈ ಬಾರಿ ನನ್ನನ್ನು ಕಳಿಸಿದಳು. ಅಂಗಡಿಯಲ್ಲಿ ಈಗ ಹಳೆಯ ಚಾಚಾನ ಮೊಮ್ಮಗ ಕೂರುತ್ತಾನೆ, ಗಡ್ಡ ಬಿಟ್ಟ ಹಸನ್ಮುಖಿ. ನಾನು ಬಾಯಿ ತೆರೆಯುವ ಮೊದಲೇ ಗಾಜಿನ ಕಡ್ಡಿ ಅದ್ದಿ ನನ್ನ ಎರಡೂ ಕೈಗಳ ಹಿಂಬದಿಗೆ ಒಂದೊಂದು ಗೆರೆ ಎಳೆದ.

"ಇದು ಅಂಬರ್, ಇದು ಶಮಾಮಾ. ಥಂಡಿಗಿ ಎರಡೂ ಛಲೋ ಅವ. ಯಾವುದು ಕೊಡ್ಲಿ ಅಕ್ಕಾ?"

ಯಾವುದೆಂದು ನನಗೆ ಗೊತ್ತಿತ್ತು. ಚಿಗವ್ವ ಹೇಳಿಯೇ ಕಳಿಸಿದ್ದಳು, ಹೇಳದಿದ್ದರೂ ಗೊತ್ತಿತ್ತು. ಆದರೂ ಎರಡು ಕೈಗಳನ್ನು ಮುಂದೆ ಚಾಚಿಕೊಂಡು ನಾನು ಸುಮ್ಮನೆ ನಿಂತುಬಿಟ್ಟೆ. ನಾನು ರೇಟಿನ ಚಿಂತೆಯಲ್ಲಿದ್ದೇನೆ ಎಂದುಕೊಂಡನೋ ಏನೋ, "ಅವಸರ ಇಲ್ರಿ, ಸಮಾಧಾನದಾಗ ನೋಡ್ರಿ" ಎಂದ. ನಾನು ನೋಡುತ್ತಿದ್ದುದು ಬೇರೊಬ್ಬಳ ಎರಡು ಕೈಗಳನ್ನು. ಹಿಂದೊಮ್ಮೆ ಇದೇ ಅಂಗಡಿಯ ಮೆಟ್ಟಿಲಲ್ಲಿ ಇವೇ ಎರಡು ವಾಸನೆಗಳು ನನ್ನ ಮುಂದೆ ಬಂದಿದ್ದವು. ಆಗ ನಾನು ನಾಲ್ಕನೇ ತರಗತಿ. ಊರಿನ ಬೋರ್ಡುಗಳ ಮೇಲೆ ಇನ್ನೂ ಗುಲ್ಬರ್ಗಾ ಎಂದೇ ಇತ್ತು, ಕಮಲಾಪುರ ತಾಲೂಕು ಆಗಿರಲಿಲ್ಲ, ಮತ್ತು ನನಗೆ ಅವ್ವ ಇರಲಿಲ್ಲ.

ಅವ್ವ ಹೋದದ್ದು ಆ ವರ್ಷದ ಮಳೆಗಾಲದಲ್ಲಿ. ಕಾಮಾಲೆ ಎಂದರು. ನಾಟಿ ಔಷಧಿ ಆಯಿತು, ದೊಡ್ಡಾಸ್ಪತ್ರೆ ಆಯಿತು, ಹರಕೆ ಆಯಿತು. ಶ್ರಾವಣ ಮುಗಿಯುವ ಮೊದಲೇ ಅವಳೂ ಮುಗಿದಳು. ಅಪ್ಪ ದಾಲ್ ಮಿಲ್ಲಿನಲ್ಲಿ ಮುನೀಮ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ ಬರುವವನು. ಗುಲ್ಬರ್ಗಾದ ಖೂಬಾ ಪ್ಲಾಟ್ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹೆಣ್ಣುಹುಡುಗಿಯನ್ನು ಒಬ್ಬಳನ್ನೇ ಬಿಟ್ಟುಹೋಗುವುದು ಹೇಗೆ? ನನ್ನನ್ನು ಕಮಲಾಪುರಕ್ಕೆ, ಅವ್ವನ ತವರಿಗೆ ಕಳಿಸಿದರು. ಅಲ್ಲಿ ಆಯಿ ಇದ್ದಳು, ಅವ್ವನ ತಾಯಿ. ಮಾವ, ಮಾಮಿ, ಹಿತ್ತಿಲಲ್ಲಿ ನಾಲ್ಕು ಸಾಲು ಕೆಂಪು ಬಾಳೆ. ಊರಿನ ಶಾಲೆಗೇ ನನ್ನನ್ನು ಕೂಡಿಸಿದರು.

ಜೊತೆಗೆ ನಾನು ಒಯ್ದದ್ದು ಅವ್ವನ ಕಂದು ಶಾಲು. ಪ್ರತಿ ಚಳಿಗಾಲದಲ್ಲಿ ಅವ್ವ ಅದನ್ನು ಹೊದ್ದು ನನ್ನನ್ನೂ ಅದರೊಳಗೆ ಎಳೆದುಕೊಂಡು ಕೂರುತ್ತಿದ್ದಳು. ಅವಳ ಕಿವಿಯ ಮಡಿಕೆಯಲ್ಲಿ ಒಂದು ಚೂರು ಹತ್ತಿ ಇರುತ್ತಿತ್ತು. ಅದು ಏನೆಂದು ನಾನು ಕೇಳಿದವಳಲ್ಲ, ಅವ್ವನ ಕಿವಿ ಇರುವುದೇ ಹಾಗೆ ಎಂದುಕೊಂಡಿದ್ದೆ. ಶಾಲಿನಲ್ಲಿ ಬೆಲ್ಲದ ಪಾಕ ಒಲೆಯಿಂದ ಇಳಿಸುವ ಹೊತ್ತಿನಂಥ ಒಂದು ಸಿಹಿ ಇತ್ತು, ಆ ಸಿಹಿಯ ಹಿಂದೆಯೇ ಲೋಬಾನದ ಹೊಗೆಯ ಒಂದು ಎಳೆ. ಕಮಲಾಪುರದಲ್ಲಿ ನಾನು ಆ ಶಾಲನ್ನು ಹೊದೆಯುತ್ತಿರಲಿಲ್ಲ. ಹೊದ್ದರೆ ವಾಸನೆ ಮುಗಿದುಹೋಗುತ್ತದೆ ಎಂದು ಟ್ರಂಕಿನಲ್ಲಿ ಮಡಚಿಟ್ಟು, ಮಲಗುವ ಮುಂಚೆ ಒಮ್ಮೆ ಮುಚ್ಚಳ ಎತ್ತಿ, ಮೂಗು ತುಂಬ ಎಳೆದುಕೊಂಡು, ತಟ್ಟನೆ ಮುಚ್ಚುತ್ತಿದ್ದೆ. ಜಿಪುಣರು ಸಕ್ಕರೆ ಡಬ್ಬಿ ತೆಗೆಯುತ್ತಾರಲ್ಲ, ಹಾಗೆ.

ದಸರೆ ಬಂತು. ನಮ್ಮ ಕಡೆ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆ, ಕೌದಿ, ಹಳೆಯ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಹಳ್ಳಕ್ಕೆ ಒಯ್ದು ತೊಳೆಯುವುದು ರೂಢಿ. ಸಾವಾದ ಮನೆಯಲ್ಲಂತೂ ಒಂದು ಅರಿವೆಯೂ ಉಳಿಯುವಂತಿಲ್ಲ. ನಾನು ಶಾಲೆಯಿಂದ ಬಂದು ನೋಡುತ್ತೇನೆ, ಅವ್ವನ ಶಾಲು ಬೇಲಿಯ ಮೇಲೆ ನೀರಿಳಿಸುತ್ತಾ ಬಿದ್ದಿದೆ. ನಾನು ಹೇಗೆ ಚೀರಿದೆನೆಂದರೆ ಪಕ್ಕದ ಮನೆಯವರು ಹಾವು ಕಡಿಯಿತೆಂದು ಓಡಿಬಂದರು.

"ಯಾಕ ಹಿಂಗ ಒದರ್ತಿ? ಮನ್ಯಾಗ ಸಾವಾಗ್ಯಾದ. ತೊಳೀಲಾರದ ಹಬ್ಬ ಮಾಡ್ಲಾಕ ಬರ್ತದೇನು?" ಎಂದು ಆಯಿ ಮೊದಲು ಗದರಿದಳು. ಆಮೇಲೆ ನಾನು ಅಳುವ ಕಾರಣ ಅವಳಿಗೆ ಹೊಳೆಯಿತು. ಸಂಜೆ ಶಾಲು ಒಣಗಿದ ಮೇಲೆ ಅದನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಳು. ಆಯಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮುಖಗಳು ಮಬ್ಬುಮಬ್ಬಾಗಿ ಕಾಣುತ್ತಿದ್ದವು, ದನಿಯಿಂದಲೋ ಮುಟ್ಟಿಯೋ ಜನರನ್ನು ಗುರುತು ಹಿಡಿಯುತ್ತಿದ್ದಳು. ಶಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೂಗು ಒತ್ತಿ ಹುಡುಕಿದಳು. ತಿರುವಿ ಹಾಕಿ ಮತ್ತೆ ಹುಡುಕಿದಳು.

"ಏನೂ ಉಳದಿಲ್ಲಲ್ಲ ಭಾಗೂ. ನನ್ ಮಗಳ ವಾಸನಿ ನಾನೇ ಹಳ್ಳಕ್ಕ ಬಿಟ್ಟು ಬಂದೆ" ಎಂದಳು. ಅವಳು ಅಂದು ಅತ್ತ ಹಾಗೆ ಅವ್ವ ಸತ್ತ ದಿನವೂ ಅತ್ತಿರಲಿಲ್ಲ. ನಾನು ಅವಳ ಮೇಲೆ ಸಿಟ್ಟು ಮಾಡಬೇಕೆಂದು ಬಂದವಳು, ಕೊನೆಗೆ ಅವಳನ್ನೇ ಸಮಾಧಾನ ಮಾಡಬೇಕಾಯಿತು. ಆಮೇಲೆ ಟ್ರಂಕಿನ ಮುಚ್ಚಳ ತೆರೆಯುವುದನ್ನು ಬಿಟ್ಟೆ.

ದೀಪಾವಳಿ ದಾಟಿದ ಮೇಲೆ ಅಪ್ಪನ ಮದುವೆ ಆಯಿತು. ಮಠದಲ್ಲಿ, ಹತ್ತಿಪ್ಪತ್ತು ಜನರ ಮುಂದೆ. ನನ್ನನ್ನು ಕರೆದೊಯ್ಯಲಿಲ್ಲ, ಸುದ್ದಿ ಮಾತ್ರ ಬಂತು. ಹುಡುಗಿ ಆಳಂದದ ಕಡೆಯವಳು, ಹಾಸಿಗೆ ಹಿಡಿದ ತಂದೆಯ ಸೇವೆಯಲ್ಲಿ ವಯಸ್ಸು ಮೀರಿದವಳು ಎಂದು ಮಾವ ಹೇಳಿದ. ಮಾಮಿ ಮೂಗು ಮುರಿದಳು. ಆಯಿ ಮಾತ್ರ, "ಮನಿಗಿ ದೀಪ ಹಚ್ಚವ್ರು ಒಬ್ರು ಬೇಕಲ್ಲ" ಎಂದು ಅಷ್ಟಕ್ಕೇ ಮಾತು ಮುಗಿಸಿದಳು.

ಅವರಿಬ್ಬರೂ ಕಮಲಾಪುರಕ್ಕೆ ಬಂದದ್ದು ಎಳ್ಳಮಾವಾಸ್ಯೆಗೆ. ಅಂದು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ತೊಗರಿ ಕಾಯಿ ಬಲಿತು ಗಾಳಿಗೆ ಗಿಲಗಿಲ ಎನ್ನುತ್ತಿತ್ತು, ಜೋಳ ಎದೆಮಟ್ಟ ನಿಂತಿತ್ತು. ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿದೆವು. ಮಾವ ಎಡೆಯ ಅನ್ನವನ್ನು ಕೂಗುತ್ತಾ ಹೊಲದ ತುಂಬ ಚೆಲ್ಲಿ ಬಂದ, ಭೂಮಿತಾಯಿಗೆ ಉಣ್ಣಿಸುವ ಚರಗ ಅದು. ಆಮೇಲೆ ಬಗೆಬಗೆಯ ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ. ನಾನು ಆಯಿಯ ಬೆನ್ನ ಹಿಂದೆ ಕುಳಿತು ಅಪ್ಪನ ಹೊಸ ಹೆಂಡತಿಯನ್ನು ಕದ್ದು ನೋಡಿದೆ. ಎತ್ತರದ ಹೆಂಗಸು, ಕಪ್ಪು, ಕೈಗಳು ಗಂಡಸರ ಕೈಗಳಷ್ಟು ದೊಡ್ಡವು, ದನಿ ಮಾತ್ರ ತೀರ ಸಣ್ಣದು. ಚಂದ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ನನಗೆ ಸಮಾಧಾನವಾಯಿತು.

ಅವಳು ಒಂದು ಕಡುಬು ಮುರಿದು ತುಪ್ಪ ಹಚ್ಚಿ ನನ್ನ ಕಡೆ ಚಾಚಿದಳು. ನಾನು ಮುಖ ತಿರುವಿದೆ. ಅವಳು ಅದನ್ನು ನನ್ನ ತಟ್ಟೆಯ ಅಂಚಿಗಿಟ್ಟಳು. ನಾನು ಅದನ್ನು ಇರುವೆಗೆ ಬಿಟ್ಟೆ.

"ಅಪ್ಪ ಕರೀಲಾಕ ಬಂದಾನವ್ವ, ಹೋಗು" ಎಂದಳು ಆಯಿ.

"ನಾ ಒಲ್ಲೆ."

ಅಪ್ಪ ಏನೋ ಹೇಳಲು ಹೋದ. ಅಷ್ಟರಲ್ಲಿ ಅವಳು, "ಯವ್ವಾ, ಒತ್ತಾಯ ಮಾಡಬ್ಯಾಡ್ರಿ" ಎಂದು ಆಯಿಗೆ ಹೇಳಿ ನನ್ನ ಕಡೆ ತಿರುಗಿದಳು. "ನಿನ್ನ ಸಾಲಿ ಅಲ್ಲದ, ನಿನ್ನ ಗೆಳತ್ಯಾರು ಅಲ್ಲಿದ್ದಾರ. ಅದರ ಸಲುವಾಗಿ ಬಾ. ನನ್ನ ಸಲುವಾಗಿ ಬ್ಯಾಡ."

ಅವಳು ಯವ್ವಾ ಎಂದದ್ದಕ್ಕೆ ಆಯಿ ಒಂದು ಕ್ಷಣ ತಲೆ ಎತ್ತಿದಳು. ಎರಡನೆಯ ಹೆಂಡತಿ ಮೊದಲನೆಯವಳ ತವರಿನಲ್ಲಿ ಮಗಳಾಗಿ ನಡೆದುಕೊಳ್ಳಬೇಕು ಎಂಬುದು ನಮ್ಮ ಕಡೆಯ ರೀತಿ. ಎಷ್ಟೋ ಜನ ಅದನ್ನು ಬಾಯಿಮಾತಿಗೆ ಮುಗಿಸುತ್ತಾರೆ. ಇವಳ ದನಿಯಲ್ಲಿ ಬಾಯಿಮಾತಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ. ಶಾಲೆಗೋಸ್ಕರ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿದೆ.

ಖೂಬಾ ಪ್ಲಾಟಿನ ಮನೆಯಲ್ಲಿ ಎಲ್ಲ ಇದ್ದಂತೆಯೇ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. ಅವ್ವ ಇಟ್ಟ ಕಡೆಯೇ ಉಪ್ಪಿನ ಭರಣಿ, ಅವ್ವ ಹೊಡೆಸಿದ ಮೊಳೆಗೇ ಕನ್ನಡಿ. ಮಿಲ್ಲಿಗೆ ಹೊಸ ತೊಗರಿ ಬರಲು ಶುರುವಾದ ಕಾಲ ಅದು. ಅಪ್ಪನ ಹುಬ್ಬಿನ ಮೇಲೂ ಬೇಳೆಯ ಧೂಳು. ಉಂಡು ಮಲಗಿದರೆ ಅವನಿಗೆ ಈ ಲೋಕದ ಪರಿವೆ ಇರುತ್ತಿರಲಿಲ್ಲ. ಹೀಗಾಗಿ ಹಗಲಿಡೀ ನಾನು ಮತ್ತು ಅವಳು. ನಾನು ಅವಳೊಡನೆ ನೇರ ಮಾತಾಡುತ್ತಿರಲಿಲ್ಲ. ಹಸಿವಾದರೆ ಗೋಡೆಗೆ ಹೇಳುತ್ತಿದ್ದೆ, ಜಡೆ ಬಿಚ್ಚಿದರೆ ಕನ್ನಡಿಗೆ ಹೇಳುತ್ತಿದ್ದೆ. ಅವಳು ಗದರಲಿಲ್ಲ, ಮುದ್ದಿಸಲೂ ಇಲ್ಲ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಹಂಡೆಯ ನೀರು ಕಾದಿರುತ್ತಿತ್ತು, ಶಾಲೆಯ ಬಟ್ಟೆಯನ್ನು ಒಲೆಯ ಬಳಿ ಇಟ್ಟು ಬೆಚ್ಚಗೆ ಮಾಡಿರುತ್ತಿದ್ದಳು. ಅಷ್ಟು ಮಾಡಿ ದೂರ ಸರಿದು ನಿಲ್ಲುತ್ತಿದ್ದಳು.

ಒಂದು ಭಾನುವಾರ ಅಪ್ಪ ಗಡಿಯಾರ ನೋಡುತ್ತಾ, "ನಮ್ಮ ಮನ್ಯಾಗ ಒಂದು ರೂಢಿ ಅದ. ಹೊಸದಾಗಿ ಬಂದಾಕಿಗಿ ಮೊದಲನೇ ಥಂಡಿಗಿ ಅತ್ತರ್ ಕೊಡಸ್ತಾರ. ನಮ್ಮಪ್ಪನೂ ನಮ್ಮವ್ವಗ ಕೊಡ್ಸಿದ್ದ" ಎಂದ. ಹೆಂಡತಿಯ ಮುಖ ನೋಡಿ ಇಂಥ ಮಾತಾಡುವ ಧೈರ್ಯ ನಮ್ಮಪ್ಪನಿಗೆ ಯಾವತ್ತೂ ಇರಲಿಲ್ಲ. ಮೂವರೂ ಆಟೋದಲ್ಲಿ ಹೊರಟೆವು. ಕೋಟೆಯ ಗೋಡೆಗೆ ಬೆನ್ನುಕೊಟ್ಟು ಮುದುಕರು ಬಿಸಿಲು ಕಾಯಿಸುತ್ತಿದ್ದರು. ನಾನು ಅಪ್ಪನ ಆಚೆ ಬದಿಗೆ ಕುಳಿತು ಹೊರಗೆ ನೋಡುತ್ತಿದ್ದೆ.

ಅಂಗಡಿ ಒಂದು ಬಾಗಿಲಿನಷ್ಟು ಅಗಲ. ಗೋಡೆಯ ತುಂಬ ಶೀಶೆಗಳು, ನಡುವೆ ಗಾದಿಯ ಮೇಲೆ ಚಾಚಾ. ಅಪ್ಪನನ್ನು ಕಂಡ ಕೂಡಲೇ, "ಬರ್ರಿ ಮುನೀಮ್ ಸಾಬ್! ಈ ಸಲ ಭಾಳ ತಡಾ ಮಾಡಿದ್ರಿ, ಥಂಡಿ ಅರ್ಧಾ ಆಯ್ತು" ಎಂದರು. ಮೆಟ್ಟಿಲ ಕೆಳಗೆ ಸೆರಗು ಹೊದ್ದು ನಿಂತಿದ್ದ ಹೆಂಗಸಿನ ಕಡೆ ನೋಡಿ, "ಹೋದ ವರ್ಷದ್ದು ಮುಗೀತೇನ್ರಿ ತಾಯಿ? ನಿಮ್ಮದು ನನಗ ಯಾದ್ ಅದ" ಎಂದು, ಕೇಳದೆಯೇ ಮೇಲಿನ ಸಾಲಿನಿಂದ ಒಂದು ಶೀಶೆ ಇಳಿಸಿ ಬಿರಡೆ ತೆಗೆದರು.

ಅಪ್ಪ ನೆಲ ನೋಡಿದ. ಉತ್ತರ ಕೊಟ್ಟವಳು ಅವಳೇ.

"ಅವ್ರು ನಾ ಅಲ್ರಿ. ಅವ್ರು ತೀರ್ಕೊಂಡಾರ."

ಚಾಚಾನ ಕೈ ಗಾಳಿಯಲ್ಲೇ ನಿಂತಿತು. "ಯಾ ಅಲ್ಲಾ. ಮಾಫ್ ಮಾಡ್ರಿ. ಸೆರಗು ಹೊತ್ಗೊಂಡು ನಿಂತಿದ್ರಿ, ನಾ ಅವ್ರೇ ಅಂತ ತಿಳದೆ."

ಈ ಮಾತುಗಳೆಲ್ಲ ನನಗೆ ದೂರದಿಂದ ಕೇಳಿಸುತ್ತಿದ್ದವು. ತೆರೆದ ಶೀಶೆಯಿಂದ ಅವ್ವ ಬಂದಿದ್ದಳು. ಬೆಲ್ಲದ ಪಾಕ, ಹಿಂದೆಯೇ ಲೋಬಾನದ ಎಳೆ. ನಾನು ಯಾವಾಗ ಮೆಟ್ಟಿಲು ಹತ್ತಿದೆನೋ, ಯಾವಾಗ ಚಾಚಾನ ಕೈಯ ಗಾಜಿನ ಕಡ್ಡಿಗೆ ಮೂಗು ಚಾಚಿದೆನೋ ತಿಳಿಯದು. ಅವ್ವನ ವಾಸನೆ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೊಂದು ಹೆಸರಿದೆ, ಯಾರು ಬೇಕಾದರೂ ಅದನ್ನು ಕೊಂಡು ಹಚ್ಚಿಕೊಳ್ಳಬಹುದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಂತೋಷವಾಯಿತು, ಅವಮಾನವೂ ಆಯಿತು.

"ಬ್ಯಾರೆ ಏನರ ತೋರಸ್ರಿ ಚಾಚಾ" ಎಂದ ಅಪ್ಪ.

ಅವಳು ನನ್ನನ್ನೇ ನೋಡುತ್ತಿದ್ದಳು. "ಇರ್ಲಿ. ಅದನ್ನೂ ಹಚ್ರಿ, ಬ್ಯಾರೇದೂ ಹಚ್ರಿ" ಎಂದು ಎರಡೂ ಕೈ ಮುಂದೆ ಮಾಡಿದಳು.

ಚಾಚಾ ಎಡಗೈಯ ಹಿಂಬದಿಗೆ ಅಂಬರ್ ಹಚ್ಚಿದರು, ಬಲಗೈಗೆ ಶಮಾಮಾ. ಹತ್ತಾರು ಬೇರು, ಮಸಾಲೆ ಕೂಡಿಸಿ ಭಟ್ಟಿ ಇಳಿಸಿದ ಅತ್ತರ್ ಅದು. ಲವಂಗ, ಜಾಯಿಕಾಯಿ, ಕೇಸರಿ ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಅದೂ ಸಿಹಿಯೇ, ಅದೂ ಬೆಚ್ಚಗೇ. ಆದರೆ ಅಂಬರಿನ ಹಾಗೆ ಮೈಮೇಲೆ ಬೀಳುವುದಿಲ್ಲ, ಕರೆದರೆ ಮಾತ್ರ ಬರುತ್ತದೆ. "ಇಲ್ಲೇ ನಿಂತು ಆರಸಬ್ಯಾಡ್ರಿ ತಾಯಿ. ಥಂಡ್ಯಾಗ ಅತ್ತರ್ ನಿಧಾನ ಬಿಚ್ಚತದ. ಇವತ್ತಿನ ದಿನ ಕೈ ನೀರಾಗ ಹಾಕಬ್ಯಾಡ್ರಿ. ನಾಳಿ ಮುಂಜಾನಿ ಯಾವುದು ನಿಮ್ಮದು ಅನಸ್ತದ, ಅದನ್ನ ಒಯ್ರಿ" ಎಂದರು ಚಾಚಾ. ಅವರ ಅಂಗಡಿಯ ಪದ್ಧತಿ ಅದು. ಒಮ್ಮೆಗೇ ಆರಿಸಿ ಕೊಂಡವರಿಗೆ ಅವರು ಮನಸ್ಸಿಲ್ಲದೆ ಮಾರುತ್ತಿದ್ದರು.

ಅಂದು ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲಿಲ್ಲ. ಜೋಳದ ಹಿಟ್ಟು ನಾದಬೇಕೆಂದರೆ ಕೈ ನೀರಿಗೆ ಹೋಗಲೇಬೇಕಲ್ಲ. ಅಪ್ಪ ಹೊರಗಿನಿಂದ ಇಡ್ಲಿ ಕಟ್ಟಿಸಿ ತಂದ. ಪಾತ್ರೆಗಳು ಹಾಗೇ ಬಿದ್ದಿದ್ದವು. ಮನೆಯ ಒಡತಿ ಇಣುಕಿ ನೋಡಿ, "ಏನ್ ಜಗದೇವಿ, ಇವತ್ತ ಕೈಗಿ ಮೆಹಂದಿ ಹಚ್ಗೊಂಡಿ ಏನು?" ಎಂದು ನಕ್ಕಳು. ಚಿಗವ್ವ ಆ ದೊಡ್ಡ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು, ಕೆಲಸವಿಲ್ಲದೆ ಏನು ಮಾಡಬೇಕೆಂದು ತಿಳಿಯದೆ, ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಏನಾದರೂ ನೆಪ ತೆಗೆದು ಅವಳ ಎಡಬದಿಯಿಂದ ಹಾದುಹೋಗುತ್ತಿದ್ದೆ. ನೀರು ಕುಡಿಯಲು, ಪುಸ್ತಕ ತರಲು, ಬೆಕ್ಕನ್ನು ಓಡಿಸಲು. ಒಮ್ಮೆ ಬಾಗಿಲ ಸಂದಿಯಿಂದ ನೋಡಿದೆ. ಯಾರೂ ಇಲ್ಲವೆಂದುಕೊಂಡು ಅವಳು ತನ್ನ ಬಲಗೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಮರುದಿನ ಬೆಳಗ್ಗೆ ಅಂಗಳದ ಮೂಲೆಯ ಬಿಸಿಲಿನಲ್ಲಿ ನನಗೆ ಜಡೆ ಹೆಣೆದು ಮುಗಿಸಿ, ನನ್ನನ್ನು ತನ್ನ ಕಡೆ ತಿರುಗಿಸಿಕೊಂಡಳು. ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು.

"ಇದು ನಿಮ್ಮವ್ವಂದು. ಇದು ಬ್ಯಾರೇದು. ನಾ ಯಾವುದು ಹಚ್ಗೊಳ್ಳಿ, ನೀನೇ ಹೇಳು. ನೀ ಹೇಳಿದ್ದೇ ತರ್ತೀನಿ."

ನಾನು ಮೊದಲ ಸಲ ಗೋಡೆಗಲ್ಲದೆ ಅವಳಿಗೇ ಕೇಳಿದೆ. "ಅಪ್ಪ ಏನಂತಾನ?"

"ಅಪ್ಪಂದು ಇದರಾಗ ಏನಿಲ್ಲ. ನೋಡು ಭಾಗೂ, ಈ ಎಡಗೈದು ನಾ ದಿನಾ ಹಚ್ಗೊಂಡ್ರ ಇದು ನಂದೂ ಆಗ್ತದ. ಒಮ್ಮಿ ನಂದು ಆಯ್ತಂದ್ರ ಹಿಂದಕ ಕೊಡ್ಲಾಕ ನನಗ ಬರಂಗಿಲ್ಲ. ಬಲಗೈದು ಹಚ್ಗೊಂಡ್ರ ಇದು ನಿಮ್ಮವ್ವಂದಾಗೇ ಉಳೀತದ. ತಿಳೀತಾ? ವಿಚಾರ ಮಾಡಿ ಹೇಳು."

ಅವಳು ಎಷ್ಟು ಸ್ಪಷ್ಟವಾಗಿ ಹೇಳಿದ್ದಳು! ಇಂದಿಗೂ ಆ ಮಾತು ಅಕ್ಷರ ಬಿಡದೆ ನೆನಪಿದೆ. ಆದರೆ ಒಂಬತ್ತು ವರ್ಷದ ಹುಡುಗಿಗೆ, ತೊಳೆದ ಶಾಲೊಂದನ್ನು ಬಿಟ್ಟರೆ ಅವ್ವನದೆಂಬ ಏನೂ ಉಳಿಯದ ಹುಡುಗಿಗೆ, ಮುಂದಾಗುವುದರ ವಿಚಾರ ಎಲ್ಲಿಂದ ಬರಬೇಕು? ನಾನು ಎಡಗೈಯನ್ನು ಎರಡೂ ಕೈಗಳಿಂದ ಹಿಡಿದು ಮುಖಕ್ಕೆ ಒತ್ತಿಕೊಂಡೆ. ರಾತ್ರಿ ಕಳೆದ ಮೇಲೆ ಅಂಬರ್ ಇನ್ನೂ ಮೆತ್ತಗಾಗಿತ್ತು, ಶಾಲಿನಲ್ಲಿ ಇದ್ದ ಹಾಗೇ ಆಗಿತ್ತು. ನಾನು ಅತ್ತೆ. ಅವಳು ಕೈ ಕದಲಿಸಲಿಲ್ಲ.

"ಇನ್ನೊಮ್ಮಿ ವಿಚಾರ ಮಾಡ್ತಿ ಏನು?"

"ಇದೇ. ಇದೇ ಬೇಕು."

"ಆಯ್ತು" ಎಂದಳು. ಎದ್ದು ಹೋಗಿ ಬಚ್ಚಲಲ್ಲಿ ಬಲಗೈಯೊಂದನ್ನೇ ಸಬಕಾರ ಹಚ್ಚಿ ತೊಳೆದುಕೊಂಡಳು. ಅದಾದ ಮೇಲೆ ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಶಮಾಮಾ ತಂದದ್ದಿಲ್ಲ. ಬೇಕೇ ಎಂದು ಕೇಳಿದರೆ, "ಅಂಬರ್ ರೂಢಿ ಆಗ್ಯಾದ ಬಿಡು" ಎನ್ನುತ್ತಾಳೆ. ಮೊನ್ನೆಯೂ ನಾನು ಅಂಬರನ್ನೇ ಕಟ್ಟಿಸಿಕೊಂಡು ಬಂದೆ.

ಆ ಚಳಿಗಾಲದ ಉಳಿದ ದಿನಗಳು ನನಗೆ ಸುಖದ ದಿನಗಳೇ ಎಂದು ಹೇಳಬೇಕು. ದಿನವೂ ಸ್ನಾನವಾದ ಮೇಲೆ ಅವಳು ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರನ್ನು ಕಿವಿಯ ಮಡಿಕೆಗೆ ಸೇರಿಸಿ, ಬೆರಳಲ್ಲಿ ಉಳಿದದ್ದನ್ನು ಕೈಗಳ ಹಿಂಬದಿಗೆ ತೀಡಿಕೊಳ್ಳುತ್ತಿದ್ದಳು. ಮೊದಮೊದಲು ನಾನು ಕಣ್ಣು ಮುಚ್ಚಿಕೊಂಡು ಅವಳ ಪಕ್ಕ ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಅವ್ವ, ತೆರೆದರೆ ಚಿಗವ್ವ. ಆ ಆಟ ಅವಳಿಗೂ ಗೊತ್ತಿತ್ತು. ನಾನು ಕಣ್ಣು ಮುಚ್ಚಿದಾಗ ಅವಳು ಮಾತಾಡುತ್ತಿರಲಿಲ್ಲ. ಮಾತಾಡಿದರೆ ದನಿ ಬೇರೆಯಾಗುತ್ತದಲ್ಲ ಎಂದು ಬಾಯಿ ಬಿಗಿಹಿಡಿದು ಬೇಳೆ ಆರಿಸುತ್ತಿದ್ದಳು.

ಆಮೇಲಾಮೇಲೆ ಕಣ್ಣು ಮುಚ್ಚುವುದು ಮರೆತುಹೋಯಿತು. ಶಾಲೆಯಲ್ಲಿ ಕಾಲು ತರಚಿಕೊಂಡು ಬಂದ ದಿನ ನಾನು ನೇರ ಅವಳ ತೊಡೆಯ ಮೇಲೆ ಬಿದ್ದೆ. ಸೀತನಿ ಕಾಲ ಬಂತು. ಹಾಲುಗಾಳಿನ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಅವಳು ಕೊಟ್ಟದ್ದನ್ನೆಲ್ಲ ತಿಂದೆ. ಸುಟ್ಟ ತೆನೆಯ ವಾಸನೆ ಮತ್ತು ಅಂಬರ್ ಅವಳ ಕೈಯಲ್ಲಿ ಕೂಡಿಕೊಂಡಿದ್ದವು. ಮಿಲ್ಲಿನಿಂದ ಬಂದ ಅಪ್ಪ ನಮ್ಮಿಬ್ಬರನ್ನೂ ಒಂದೇ ಕೌದಿಯಲ್ಲಿ ಕಂಡು, ಟೋಪಿಯ ಧೂಳು ಜಾಡಿಸುತ್ತಾ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಯಾವ ದಿನ ಅವ್ವ ಆ ವಾಸನೆಯಿಂದ ಹೊರಗೆ ಹೋದಳೋ ನನಗೆ ತಿಳಿಯಲೇ ಇಲ್ಲ. ಹೋದಳೆಂಬುದೂ ತಿಳಿದಿರಲಿಲ್ಲ. ತಿಳಿದದ್ದು ಶಿವರಾತ್ರಿಗೆ, ಕಮಲಾಪುರದಲ್ಲಿ.

ಚಳಿ ಇನ್ನೇನು ಕಾಲು ಕೀಳುತ್ತಿತ್ತು. ಬೆಳಗಿನ ಬಸ್ಸಿಗೇ ಮೂವರೂ ಹೋದೆವು. ಉಪವಾಸಕ್ಕೆಂದು ಮಾವ ಹಿತ್ತಿಲ ಕೆಂಪು ಬಾಳೆಯ ಗೊನೆ ಇಳಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದ. ಆಯಿ ಅಂಗಳದ ಬಿಸಿಲಿಗೆ ಕೌದಿ ಹಾಸಿಕೊಂಡು ಕುಳಿತಿದ್ದಳು. ಕಣ್ಣು ಮತ್ತಷ್ಟು ಕೆಟ್ಟಿತ್ತು, ಹಬ್ಬ ಮುಗಿಯಲಿ ಆಪರೇಷನ್ ಮಾಡಿಸೋಣ ಎಂದು ಮಾವ ಅಪ್ಪನಿಗೆ ಹೇಳುತ್ತಾ ಒಳಗೆ ಕರೆದೊಯ್ದ. ನಾನು ಆಯಿಯ ಮೇಲೆ ಬಿದ್ದು ಶಾಲೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಹಿಂದಿನಿಂದ ಚಿಗವ್ವ ಬಂದು, ಮಾತಾಡದೆ, ಬಗ್ಗಿ ಆಯಿಯ ಕಾಲು ಮುಟ್ಟಿದಳು.

ಆಯಿ ಹರಸಲೆಂದು ತಡಕಾಡಿ ಅವಳ ಕೈ ಹಿಡಿದಳು. ಆ ಕೈಯನ್ನು ಮೆಲ್ಲಗೆ ಎತ್ತಿ ಮೂಗಿನ ಬಳಿ ತಂದಳು. ಒಮ್ಮೆ ಮೂಸಿದಳು, ಮತ್ತೊಮ್ಮೆ ಮೂಸಿದಳು.

"ಶಾಂತಾ" ಎಂದಳು. ಶಾಂತಾ ನನ್ನ ಅವ್ವನ ಹೆಸರು. "ನನ್ನವ್ವಾ, ಶಾಂತಾ. ಬಂದೆ ಏನು?"

ಕಾಣದ ಕಣ್ಣುಗಳಿಂದ ನೀರು ದಳದಳ ಇಳಿಯಿತು. ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು, ಎದೆಗೆ ಒತ್ತಿಕೊಂಡಳು, ಮತ್ತೆ ಮೂಗಿಗೆ ತಂದಳು. ಬಾಗಿಲಿಗೆ ಬಂದ ಮಾಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ನಿಂತಳು. ಚಿಗವ್ವ ಕೈ ಎಳೆದುಕೊಳ್ಳಲಿಲ್ಲ. ನಾ ಜಗದೇವಿ ಎಂದು ಹೇಳಲೂ ಇಲ್ಲ. ನೆಲದ ಮೇಲೆ ಮೊಣಕಾಲೂರಿ ಕುಳಿತು, ಉಸಿರು ಕೂಡ ಕೇಳಿಸದ ಹಾಗೆ, ಕೈಯನ್ನು ಆಯಿಗೆ ಪೂರ್ತಿ ಕೊಟ್ಟುಬಿಟ್ಟಳು.

ನನಗೆ ಮಾತ್ರ ಆಯಿ ಏನೋ ತಪ್ಪು ತಿಳಿದುಕೊಂಡಿದ್ದಾಳೆ ಅನಿಸಿತು. ಕಣ್ಣು ಕಾಣದ ಮುದುಕಿಗೆ ನಿಜ ಹೇಳಬೇಕಾದವಳು ನಾನೇ ಎಂದುಕೊಂಡೆ. ಅದರೊಳಗೆ ನನ್ನದನ್ನು ಇನ್ನೊಬ್ಬರು ಹಿಡಿದುಕೊಂಡರೆಂಬ ಸಣ್ಣ ಸಂಕಟವೂ ಇತ್ತು.

"ಆಯಿ, ಅದು ಅವ್ವನ ವಾಸನಿ ಅಲ್ಲ" ಎಂದೆ. "ಅದು ನಮ್ ಚಿಗವ್ವಂದು."

ಚಿಗವ್ವ ತಟ್ಟನೆ ತಲೆ ಎತ್ತಿ ನನ್ನನ್ನು ನೋಡಿದಳು. ಬೇರೆ ಯಾವ ಹೆಂಗಸಾದರೂ ಆ ಮಾತಿಗೆ ಗೆದ್ದೆ ಎಂದುಕೊಳ್ಳುತ್ತಿದ್ದಳೇನೋ. ಅವಳ ಮುಖದಲ್ಲಿದ್ದದ್ದು ಹೆದರಿಕೆ.

ಆಯಿ ನನ್ನ ದನಿ ಬಂದ ಕಡೆಗೆ ತಿರುಗಿದಳು. ಅಳು ನಿಂತಿತ್ತು. ಬಹಳ ಮೆತ್ತಗೆ ಕೇಳಿದಳು.

"ಹೌದೇನವ್ವ? ಮತ್ತ ನಿಮ್ಮವ್ವಂದು ಹ್ಯಾಂಗಿತ್ತು?"

ಹೇಳಬೇಕೆಂದು ಬಾಯಿ ತೆರೆದೆ. ಹುಡುಕಿದೆ. ಅವ್ವನ ಕಿವಿ ನೆನಪಾಯಿತು, ಕಂದು ಶಾಲಿನ ಅಂಚು ನೆನಪಾಯಿತು, ಅದರೊಳಗೆ ನಾನು ಕುಳಿತದ್ದೂ ನೆನಪಾಯಿತು. ವಾಸನೆ ಬರಲಿಲ್ಲ. ಎಷ್ಟು ಹುಡುಕಿದರೂ ಬಂದದ್ದು ಸುಟ್ಟ ತೆನೆ, ಒಲೆಯ ಬಳಿ ಬೆಚ್ಚಗಾದ ಶಾಲೆಯ ಬಟ್ಟೆ, ಮತ್ತು ಈ ದೊಡ್ಡ ಕೈಗಳು.

"ಗೊತ್ತಿಲ್ಲ, ಆಯಿ" ಎಂದೆ.

ಆಯಿ ಆ ಕೈಯನ್ನು ಮೆಲ್ಲಗೆ ಚಿಗವ್ವನ ಮಡಿಲಿನಲ್ಲಿ ಇಟ್ಟಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು, ಹೆಣೆದ ಜಡೆಯನ್ನು ಬಿಚ್ಚಿ, ನನ್ನ ತಲೆಗೂದಲನ್ನು, ಹಣೆಯನ್ನು, ಕುತ್ತಿಗೆಯನ್ನು ಮೂಸತೊಡಗಿದಳು. ಅಲ್ಲಿ ಅವಳಿಗೆ ತನ್ನ ಮಗಳದು ಏನಾದರೂ ಸಿಕ್ಕಿತೋ ಇಲ್ಲವೋ, ಅವಳು ಹೇಳಲಿಲ್ಲ.